ಬಾಟಲಿಯೊಳಗಿನ ಸಸಿಗೆ ಎಷ್ಟು ಬೆಳಕು ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಟಿಶ್ಯೂ ಕಲ್ಚರ್ ಲ್ಯಾಬ್, ಅಂದರೆ ಗಿಡದ ಸಣ್ಣ ತುಂಡನ್ನು ಬಾಟಲಿಯೊಳಗೆ ಬೆಳೆಸಿ ಸಸಿ ಮಾಡುವ ಲ್ಯಾಬ್ ನೋಡಲು ಬಂದವರನ್ನು ನಾವು ಸಸಿ ಬೆಳೆಸುವ ಗ್ರೋತ್ ರೂಮಿನ ಒಳಗೆ ಬಿಡುವುದಿಲ್ಲ. ಬಟ್ಟೆ, ಚಪ್ಪಲಿ ಜೊತೆ ಬೂಷ್ಟು ಒಳಗೆ ಬಂದೀತು ಅನ್ನುವ ಭಯ. ಹಾಗಾಗಿ ಗಾಜಿನ ಕಿಟಕಿಯ ಈಚೆ ನಿಂತು ನೋಡುತ್ತಾರೆ. ಒಳಗೆ ಸಾಲು ಸಾಲು ರ‍್ಯಾಕು, ಪ್ರತಿ ತಟ್ಟಿನ ಮೇಲೂ ಲೈಟು, ಅದರ ಕೆಳಗೆ ಜಾಮ್ ಬಾಟಲಿಯಂಥ ಬಾಟಲಿಗಳಲ್ಲಿ ಬೆರಳುದ್ದದ ಬಾಳೆ ಸಸಿಗಳು. ಎರಡು ನಿಮಿಷ ಸುಮ್ನಿರುತ್ತಾರೆ. ಆಮೇಲೆ ಪ್ರಶ್ನೆಗಳು ಶುರು. ಹೆಚ್ಚಿನವು ಲೈಟಿನ ಬಗ್ಗೆಯೇ.

ರೈತರು ಕೇಳುವುದು ಒಂದು ಥರ, ಕಾಲೇಜು ಹುಡುಗರು ಕೇಳುವುದು ಇನ್ನೊಂದು ಥರ, ಹೊಸದಾಗಿ ಲ್ಯಾಬ್ ಹಾಕಲು ಹೊರಟವರದ್ದು ಮತ್ತೊಂದು. ಎಲ್ಲವನ್ನೂ ಕಲೆಸಿ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಬಹುಪಾಲು ಜಿ-9 ಅನ್ನುವ ತಳಿಯ ಬಾಳೆಯವು. ದಿನಾ ಕಣ್ಣ ಮುಂದೆ ಇರುವುದು ಅದೇ.

ಇಷ್ಟು ಮಂದ ಬೆಳಕಿನಲ್ಲಿ ಗಿಡ ಹೇಗೆ ಬದುಕುತ್ತದೆ?

ಸಕ್ಕರೆ ತಿಂದು. ತಮಾಷೆಯಲ್ಲ, ನಿಜ.

ಬಾಟಲಿಯ ತಳದಲ್ಲಿ ಜೆಲ್ಲಿ ಥರ ಕಾಣುವುದನ್ನು ನಾವು ಮೀಡಿಯಾ ಅನ್ನುತ್ತೇವೆ. ಲೋಕದ ಹೆಚ್ಚಿನ ಲ್ಯಾಬುಗಳು ಇವತ್ತಿಗೂ ಬಳಸುವುದು ಮುರಾಶಿಗೆ ಮತ್ತು ಸ್ಕೂಗ್ ಅನ್ನುವ ಇಬ್ಬರು ವಿಜ್ಞಾನಿಗಳು 1962ರಲ್ಲಿ ತಂಬಾಕಿನ ಮೇಲೆ ಕೆಲಸ ಮಾಡುವಾಗ ಕೊಟ್ಟ ಲೆಕ್ಕವನ್ನೇ. ಅದರಲ್ಲಿ ಲವಣಗಳ ಜೊತೆ ಲೀಟರಿಗೆ 30 ಗ್ರಾಂ ಸಕ್ಕರೆ ಇರುತ್ತದೆ. ಸಸಿ ತನ್ನ ಊಟದ ಬಹುಭಾಗವನ್ನು ಅಲ್ಲಿಂದಲೇ ಹೀರುತ್ತದೆ. ಎಲೆಯಲ್ಲಿ ಅಡುಗೆ ನಡೆಯುವುದು ತೀರಾ ಕಡಿಮೆ.

ಲೆಕ್ಕ ನೋಡಿ. ಬೆಳಕನ್ನು ಗಿಡದ ಲೆಕ್ಕದಲ್ಲಿ ಅಳೆಯುವುದು ಮೈಕ್ರೋಮೋಲ್‌ನಲ್ಲಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಎಷ್ಟು ಬೆಳಕಿನ ಕಣ ಬಿತ್ತು ಅನ್ನುವ ಲೆಕ್ಕ ಅದು. ಬೇಸಿಗೆಯ ನಡುಮಧ್ಯಾಹ್ನ ಹೊಲದಲ್ಲಿ ಸುಮಾರು 2000 ಮೈಕ್ರೋಮೋಲ್ ಇರುತ್ತದೆ. ನಮ್ಮ ರ‍್ಯಾಕಿನಲ್ಲಿ 30ರಿಂದ 60. ಐವತ್ತು ಅಂತಲೇ ಇಟ್ಟುಕೊಂಡು 16 ಗಂಟೆ ಉರಿಸಿದರೂ ಇಡೀ ದಿನಕ್ಕೆ 3 ಮೋಲ್ ಕೂಡ ಆಗುವುದಿಲ್ಲ (ಒಂದು ಮೋಲ್ ಅಂದರೆ ಹತ್ತು ಲಕ್ಷ ಮೈಕ್ರೋಮೋಲ್). ಹೊರಗೆ ಒಳ್ಳೆ ಬಿಸಿಲಿನ ದಿನ 40ರ ಆಸುಪಾಸು ಸಿಗುತ್ತದೆ. ಇಷ್ಟು ಕಡಿಮೆ ಬೆಳಕಿನಲ್ಲಿ ಹೊಟ್ಟೆ ತುಂಬುವುದಿಲ್ಲ.

ಹಾಗಾಗಿ ನಾನು ಹೊಸಬರಿಗೆ ಮೊದಲ ದಿನವೇ ಹೇಳುವ ಮಾತು: ಬಾಟಲಿಯೊಳಗೆ ಬೆಳಕು ಅಂದರೆ ಊಟ ಅಲ್ಲ, ಸುದ್ದಿ. ಹೊರಗೆ ಹಗಲಾಗಿದೆ, ಎಲೆ ಬಿಚ್ಚು, ಉದ್ದಕ್ಕೆ ಓಡಬೇಡ, ಹಸಿರಾಗು ಅಂತ ಸಸಿಗೆ ಹೇಳುವುದು ಬೆಳಕು. ಇಷ್ಟು ತಲೆಗೆ ಹೋದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳುತ್ತೀರಿ.

ಊಟ ಸಕ್ಕರೆಯಿಂದ ಸಿಗುತ್ತದೆ ಅಂದಮೇಲೆ ಕತ್ತಲಲ್ಲೇ ಇಡಬಹುದು ಅಲ್ವಾ?

ನವರಾತ್ರಿಗೆ ಘಟ ಹಾಕುವ ಮನೆಯವರಾಗಿದ್ದರೆ ಒಂಬತ್ತನೇ ದಿನದ ಪೈರನ್ನು ನೆನಪಿಸಿಕೊಳ್ಳಿ. ದೇವರ ಕೋಣೆಯ ಮೂಲೆಯಲ್ಲಿ ಉದ್ದುದ್ದ ಬೆಳೆದು, ಹಳದಿಗೆ ತಿರುಗಿ, ಒಂದರ ಮೇಲೊಂದು ವಾಲಿಕೊಂಡಿರುತ್ತದೆ. ನೋಡಲು ಚೆಂದ. ಹೊಲಕ್ಕೆ ಹಾಕಿದರೆ ಒಂದು ದಿನವೂ ನಿಲ್ಲುವುದಿಲ್ಲ. ಪೂರ್ತಿ ಕತ್ತಲಲ್ಲಿಟ್ಟ ಸಸಿಯೂ ಹಾಗೇ ಆಗುತ್ತದೆ.

ಆದರೆ ಬೇಕೆಂದೇ ಕತ್ತಲು ಕೊಡುವ ಸಂದರ್ಭಗಳೂ ಇವೆ. ತೋಟದಿಂದ ತಂದ ಬಾಳೆ ಕಂದನ್ನು ಮೊದಲ ಸಲ ಕತ್ತರಿಸಿ ಮೀಡಿಯಾದ ಮೇಲೆ ಇಟ್ಟಾಗ ಗಾಯದಿಂದ ಫೀನಾಲ್ ಅನ್ನುವ ರಾಸಾಯನಿಕ ಸೋರಿ ಎಲ್ಲ ಕಪ್ಪಾಗುತ್ತದೆ. ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದಿಲ್ಲವೇ, ಅದೇ. ಬೆಳಕಿದ್ದರೆ ಇದು ಜಾಸ್ತಿ. ಅದಕ್ಕೇ ಶುರುವಿನ ದಿನಗಳಲ್ಲಿ ಕತ್ತಲಲ್ಲಿ ಇಡುವ ರೂಢಿ ಇದೆ. ಕ್ಯಾಲಸ್, ಅಂದರೆ ಆಕಾರವಿಲ್ಲದ ಜೀವಕೋಶಗಳ ಮುದ್ದೆ, ಬರಿಸುವಾಗಲೂ ಹೆಚ್ಚಾಗಿ ಕತ್ತಲೇ. ಕೆಲವು ಮರಜಾತಿಗಳಿಗೆ ಬೇರು ಬರಿಸುವಾಗ ಮೊದಲ ಕೆಲವು ದಿನ ಕತ್ತಲು ಕೊಟ್ಟರೆ ಬೇರು ಚೆನ್ನಾಗಿ ಒಡೆಯುತ್ತದೆ.

ಆಲೂಗಡ್ಡೆಯದ್ದು ಇನ್ನೂ ಮಜಾ. ಸಸಿ ಹೆಚ್ಚಿಸಬೇಕಾದರೆ 16 ಗಂಟೆ ಬೆಳಕು. ಅದೇ ಸಸಿಗೆ ಸಕ್ಕರೆಯನ್ನು 8%ಗೆ ಏರಿಸಿ, ಸೈಟೋಕೈನಿನ್ ಅನ್ನುವ ಹಾರ್ಮೋನ್ ಜಾಸ್ತಿ ಮಾಡಿ, ಕತ್ತಲಿಗೆ ತಳ್ಳಿದರೆ ಬಾಟಲಿಯೊಳಗೇ ಕಡಲೆಕಾಳಿನ ಗಾತ್ರದ ಗಡ್ಡೆ ಕಟ್ಟುತ್ತದೆ. ದಿನ ಮುಗಿಯಿತು, ಇನ್ನು ಕೂಡಿಡು ಅನ್ನುವ ಸುದ್ದಿ ಅದಕ್ಕೆ ಮುಟ್ಟಿದೆ.

ಕೆಂಪು ಒಳ್ಳೆಯದೋ ನೀಲಿ ಒಳ್ಳೆಯದೋ?

ಎರಡೂ ಬೇಕು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಜೊತೆಗಾರರು ಲೆಟ್ಯೂಸ್ ಬೀಜದ ಮೇಲೆ ಒಂದು ಪ್ರಯೋಗ ಮಾಡಿದರು. ನೆನೆದ ಬೀಜಕ್ಕೆ ಕೆಂಪು ಬೆಳಕು ತೋರಿಸಿದರೆ ಮೊಳಕೆ ಬರುತ್ತಿತ್ತು. ಕೂಡಲೇ ಅದಕ್ಕಿಂತ ಗಾಢವಾದ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ದೂರಗೆಂಪು ತೋರಿಸಿದರೆ ಮೊಳಕೆ ನಿಲ್ಲುತ್ತಿತ್ತು. ಮತ್ತೆ ಕೆಂಪು ತೋರಿಸಿದರೆ ಮತ್ತೆ ಬರುತ್ತಿತ್ತು. ಕೊನೆಗೆ ತೋರಿಸಿದ ಬಣ್ಣ ಯಾವುದೋ ಅದರ ಮಾತೇ ನಡೆಯುತ್ತಿತ್ತು. ಥೇಟ್ ಸ್ವಿಚ್ಚಿನ ಹಾಗೆ. ಆ ಸ್ವಿಚ್ಚಿಗೆ ಆಮೇಲೆ ಫೈಟೋಕ್ರೋಮ್ ಅಂತ ಹೆಸರಿಟ್ಟರು. 660 ನ್ಯಾನೋಮೀಟರ್ ಹತ್ತಿರದ ಕೆಂಪು ಅದನ್ನು ಆನ್ ಮಾಡುತ್ತದೆ, 730ರ ಹತ್ತಿರದ್ದು ಆಫ್ ಮಾಡುತ್ತದೆ. ನೀಲಿಗೆ ಬೇರೆ ಸ್ವಿಚ್ಚುಗಳಿವೆ. ಕ್ರಿಪ್ಟೋಕ್ರೋಮ್ ಅಂತ ಒಂದು, ಫೋಟೊಟ್ರೋಪಿನ್ ಅಂತ ಇನ್ನೊಂದು. ಕಿಟಕಿ ಬಳಿ ಇಟ್ಟ ಗಿಡ ಬೆಳಕಿನ ಕಡೆ ಬಾಗುವುದು ಈ ಎರಡನೆಯದರ ಕೆಲಸ.

ಬಾಟಲಿಯೊಳಗೆ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಬರೀ ಕೆಂಪಿನ ಕೆಳಗೆ ಇಟ್ಟರೆ ಬಹಳ ಜಾತಿಯ ಸಸಿಗಳು ಉದ್ದಕ್ಕೆ ಹೋಗುತ್ತವೆ. ಕಾಂಡ ಸಪೂರ, ಎಲೆ ಮಾಸಲು. ಬೇಗ ಬೆಳೆದಂತೆ ಕಾಣುತ್ತದೆ, ನಂಬಬೇಡಿ. ಬರೀ ನೀಲಿಯಲ್ಲಿ ಕುಳ್ಳಾಗುತ್ತವೆ, ಆದರೆ ಎಲೆ ಗಾಢ ಹಸಿರು, ಕಾಂಡ ಗಟ್ಟಿ, ಎಲೆಯ ರಂಧ್ರಗಳು ಸರಿಯಾಗಿ ಕೆಲಸ ಮಾಡುತ್ತವೆ. ಎರಡನ್ನೂ ಬೆರೆಸಿದರೆ ಮಧ್ಯದ ದಾರಿ. ಮುಕ್ಕಾಲು ಕೆಂಪು, ಕಾಲು ನೀಲಿ ಅನ್ನುವ ಆಸುಪಾಸಿನ ಮಿಶ್ರಣ ಬಹಳ ಕಡೆ ಕೇಳಿಬರುತ್ತದೆ. ಆದರೆ ಇದನ್ನು ಮಂತ್ರ ಅಂದುಕೊಳ್ಳಬೇಡಿ. ಆರ್ಕಿಡ್‌ಗೆ ಒಗ್ಗಿದ್ದು ಬಾಳೆಗೆ ಒಗ್ಗಬೇಕೆಂದಿಲ್ಲ. ಒಂದೇ ಬೆಳೆಯಲ್ಲೂ ಮರಿ ಒಡೆಯುವ ಹಂತಕ್ಕೆ ಒಂದು, ಬೇರು ಬಿಡುವ ಹಂತಕ್ಕೆ ಇನ್ನೊಂದು ಹೊಂದಬಹುದು.

ಹಾಗಾದರೆ ಆ ನೇರಳೆ ಬಣ್ಣದ ಗ್ರೋ ಲೈಟ್ ಹಾಕಿಸೋಣವಾ?

ನನ್ನನ್ನು ಕೇಳಿದರೆ ಬೇಡ. ನೆನಪಿರಲಿ, ಇದು ನನ್ನ ಅಭಿಪ್ರಾಯ.

ಕೆಂಪು-ನೀಲಿ ಬೆರೆತ ಬೆಳಕಿನಲ್ಲಿ ಹಸಿರು ಎಲೆ ಕಪ್ಪಾಗಿ ಕಾಣುತ್ತದೆ. ಎಲೆ ಹಳದಿಗೆ ತಿರುಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಮೀಡಿಯಾದ ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ಬ್ಯಾಕ್ಟೀರಿಯಾ ಏಳುವುದು ಕಾಣುವುದಿಲ್ಲ. ಟಿಶ್ಯೂ ಕಲ್ಚರ್‌ನಲ್ಲಿ ಅರ್ಧ ಕೆಲಸ ಅಂದರೆ ದಿನಾ ಬೆಳಗ್ಗೆ ಬಾಟಲಿ ಎತ್ತಿ ನೋಡಿ ಕೆಟ್ಟಿದ್ದನ್ನು ಹೊರಗೆ ಹಾಕುವುದು. ಅದಕ್ಕೇ ತೊಂದರೆಯಾದರೆ ಏನು ಪ್ರಯೋಜನ? ನಾವೊಮ್ಮೆ ಒಂದು ರ‍್ಯಾಕಿಗೆ ಹಾಕಿ ನೋಡಿದೆವು. ಬಾಟಲಿ ಪರೀಕ್ಷಿಸುವ ಹುಡುಗಿಯರು ಎರಡೇ ದಿನದಲ್ಲಿ ತಲೆನೋವು ಅಂದರು. ಒಂದೊಂದು ಟ್ರೇಯನ್ನೂ ಹೊರಗೆ ತಂದು ನೋಡಬೇಕಾಯಿತು. ಒಂದು ವಾರದಲ್ಲಿ ಬಿಚ್ಚಿಟ್ಟೆವು.

ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಎಲ್‌ಇಡಿ, ಅದರ ಮೇಲೆ ನೀಲಿಯನ್ನು ಬೇರೆ ಬಣ್ಣಕ್ಕೆ ತಿರುಗಿಸುವ ಹಳದಿ ಫಾಸ್ಫರ್ ಪುಡಿಯ ಲೇಪ. ನೀಲಿಯ ಒಂದು ಪಾಲು ಹಾಗೇ ಹೊರಬರುತ್ತದೆ, ಉಳಿದದ್ದು ಹಸಿರು, ಹಳದಿ, ಕೆಂಪಾಗುತ್ತದೆ. ಸಸಿಗೆ ಬೇಕಾದ ಎರಡೂ ಸುದ್ದಿ ಅದರಲ್ಲಿದೆ. ಮಾಮೂಲಿ ಬಾಳೆ, ಜರ್ಬೆರಾ ಮಾಡುವ ಲ್ಯಾಬಿಗೆ ಇದು ಧಾರಾಳ ಸಾಕು. ಬೆಲೆ ಜಾಸ್ತಿ ಇರುವ ಗಿಡಕ್ಕೆ, ಒಂದು ನಿರ್ದಿಷ್ಟ ತೊಂದರೆ ಬಗೆಹರಿಸಲು ಬಣ್ಣದ ಪ್ರಯೋಗ ಮಾಡುತ್ತೀರಾದರೆ ಅದು ಬೇರೆ ಮಾತು.

ಬೆಳಕು ಎರಡು ಪಟ್ಟು ಮಾಡಿದರೆ ಸಸಿ ಎರಡು ಪಟ್ಟು ಬೇಗ ಬರುತ್ತದಾ?

ಇಲ್ಲ. ಬಾಟಲಿಯ ಮುಚ್ಚಳ ಅಡ್ಡ ಬರುತ್ತದೆ.

ರಾತ್ರಿಯೆಲ್ಲ ಸಸಿ ಉಸಿರಾಡಿ ಬಾಟಲಿಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಲೈಟ್ ಹಾಕಿದ ಒಂದೆರಡು ಗಂಟೆಯೊಳಗೆ ಸಸಿ ಅದನ್ನು ಬಳಸಿಬಿಡುತ್ತದೆ. ಹೊರಗಿನ ಗಾಳಿಯಲ್ಲಿ 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ಇದ್ದರೆ ಒಳಗೆ 100ರ ಆಸುಪಾಸಿಗೆ ಇಳಿಯುತ್ತದೆ. ಆಮೇಲೆ ದಿನವಿಡೀ ಎಷ್ಟು ಬೆಳಕು ಸುರಿದರೂ ಒಲೆ ಇದೆ, ಅಕ್ಕಿ ಇಲ್ಲ ಅನ್ನುವ ಪರಿಸ್ಥಿತಿ. ಬಳಸಲಾಗದ ಬೆಳಕು ಎಲೆಗೆ ಹೊರೆಯಾಗುತ್ತದೆ, ಎಲೆ ಬಿಳಿಚುತ್ತದೆ.

ಜಪಾನಿನ ಚಿಬಾ ವಿಶ್ವವಿದ್ಯಾಲಯದ ತೊಯೊಕಿ ಕೊಜಾಯ್ ಮತ್ತು ಅವರ ತಂಡ ಇದನ್ನೇ ಬೆನ್ನು ಹತ್ತಿ ಬೇರೆ ದಾರಿ ಹಿಡಿದರು. ಸಕ್ಕರೆ ತೆಗೆದುಬಿಡಿ, ಮುಚ್ಚಳದಲ್ಲಿ ಗಾಳಿಯಾಡುವ ಫಿಲ್ಟರ್ ಹಾಕಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ, ಆಗ ಬೆಳಕನ್ನೂ ಹೆಚ್ಚಿಸಿ. ಸಸಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಹೊರಗೆ ಬಂದ ಮೇಲೆ ಸಾಯುವುದೂ ಕಡಿಮೆ. ಸಕ್ಕರೆ ಇಲ್ಲದ್ದರಿಂದ ಬೂಷ್ಟಿನ ಕಾಟವೂ ಇಳಿಯುತ್ತದೆ. ಚೆಂದದ ವಿಚಾರ. ಆದರೆ ಬೆಳಕೊಂದನ್ನೇ ಏರಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಸಿಗುವುದು ಕರೆಂಟ್ ಬಿಲ್ ಮಾತ್ರ.

ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದರೆ ಲಾಭವಾ?

ಖಂಡಿತ. ಕರೆಂಟ್ ಉಳಿಯುವುದಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ.

ಮೊದಲು ಕರೆಂಟ್ ಲೆಕ್ಕ. ಹಳೇ 36 ವ್ಯಾಟಿನ ಟ್ಯೂಬು, ಚೋಕು ತಿನ್ನುವುದೂ ಸೇರಿ ಸುಮಾರು 45 ವ್ಯಾಟ್. ಒಂದು ರ‍್ಯಾಕಿಗೆ ಐದು ತಟ್ಟು, ತಟ್ಟಿಗೆ ಎರಡು ಟ್ಯೂಬು. 16 ಗಂಟೆಗೆ 7.2 ಯೂನಿಟ್. ಅದೇ 20 ವ್ಯಾಟಿನ ಎಲ್‌ಇಡಿ ಟ್ಯೂಬಾದರೆ 3.2 ಯೂನಿಟ್. ದಿನಕ್ಕೆ ರ‍್ಯಾಕಿಗೆ 4 ಯೂನಿಟ್ ಉಳಿತಾಯ. ಉರಿದ ಕರೆಂಟೆಲ್ಲ ಕೊನೆಗೆ ಶಾಖವಾಗಿ ರೂಮಿನಲ್ಲೇ ಉಳಿಯುತ್ತದೆ. ಅದನ್ನು ಹೊರಗೆ ಹಾಕಲು ಎಸಿ ಓಡಬೇಕು. ಹಾಗಾಗಿ ಎಸಿಯ ಕಡೆಯಿಂದ ಇನ್ನೂ ಒಂದು ಯೂನಿಟ್‌ಗಿಂತ ಜಾಸ್ತಿ ಉಳಿಯುತ್ತದೆ.

ಈಗ ದೊಡ್ಡ ಲಾಭ. ಟ್ಯೂಬು ಕೆಳಗಿನ ತಟ್ಟಿಗೆ ಬೆಳಕು ಕೊಡುತ್ತದೆ, ಮೇಲಿನ ತಟ್ಟಿಗೆ ಶಾಖ ಕೊಡುತ್ತದೆ. ಮೇಲೆ ಇಟ್ಟ ಬಾಟಲಿಗಳ ತಳ ಬಿಸಿ, ಮುಚ್ಚಳ ತಣ್ಣಗೆ. ಮೀಡಿಯಾದಿಂದ ನೀರು ಆವಿಯಾಗಿ ಮುಚ್ಚಳಕ್ಕೆ ಹತ್ತಿ, ಹನಿಹನಿಯಾಗಿ ಸಸಿಯ ಮೇಲೆ ಬೀಳುತ್ತದೆ. ಒಳಗೆ ಸದಾ ಮಳೆಗಾಲ. ಎಲೆಗಳು ನೀರು ತುಂಬಿಕೊಂಡು ಗಾಜಿನ ಹಾಗೆ ಆಗುತ್ತವೆ, ಮುಟ್ಟಿದರೆ ಲಟಕ್ಕನೆ ಮುರಿಯುತ್ತವೆ. ಲ್ಯಾಬಿನವರು ಇದಕ್ಕೆ ವಿಟ್ರಿಫಿಕೇಶನ್ ಅನ್ನುತ್ತಾರೆ. ಇದಕ್ಕೆ ಹಾರ್ಮೋನು, ಮೀಡಿಯಾ ಗಟ್ಟಿ ಮಾಡಲು ಹಾಕುವ ಅಗರ್ ಹೀಗೆ ಬೇರೆ ಕಾರಣಗಳೂ ಇವೆ. ಆದರೆ ತಳದ ಶಾಖ ದೊಡ್ಡದೊಂದು ಕಾರಣ. ಚೋಕನ್ನು ಬಿಚ್ಚಿ ರೂಮಿನ ಹೊರಗೆ ಇಡುವ ಹಳೇ ಲ್ಯಾಬುಗಳು ಇದ್ದವು. ಅವರು ದಡ್ಡರಲ್ಲ.

ಎಲ್‌ಇಡಿ ತಣ್ಣಗೆ ಅಂತ ಬಾಟಲಿಗೆ ಹತ್ತಿರ ತರಬಹುದು. ತಟ್ಟುಗಳ ನಡುವಿನ ಅಂತರ ಕಡಿಮೆ ಮಾಡಿ ಅದೇ ರೂಮಿನಲ್ಲಿ ಇನ್ನೊಂದು ತಟ್ಟು ಹಾಕಬಹುದು. ಜಾಗದ ಬಾಡಿಗೆ ಕಟ್ಟುವವರಿಗೆ ಇದರ ಬೆಲೆ ಗೊತ್ತು.

ಇವತ್ತು ನಾವು ಮೀಟರ್ ಲೆಕ್ಕದಲ್ಲಿ ಕೊಂಡು ತರುವ ಈ ಪಟ್ಟಿಗಳ ಹಿಂದೆ ಗಟ್ಟಿಯಾಗಿ ಉರಿಯುವ ನೀಲಿ ಎಲ್‌ಇಡಿಗಾಗಿ ವರ್ಷಗಟ್ಟಲೆ ನಡೆದ ಹೆಣಗಾಟವಿದೆ. ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂದದ್ದು ಅದಕ್ಕೇ. ನೀಲಿ ಇಲ್ಲದೆ ಬಿಳಿಯೂ ಇಲ್ಲ.

ಲಕ್ಸ್ ಮೀಟರ್ ಇದೆ. ಅದು ಸಾಕಾ?

ಬಿಳಿ ಲೈಟಿಗೆ ಸಾಕು. ಬಿಳಿ ಟ್ಯೂಬ್‌ಲೈಟ್ ಆದರೆ ಲಕ್ಸನ್ನು 74ರಿಂದ ಭಾಗಿಸಿ, ಮೈಕ್ರೋಮೋಲ್ ಸಿಗುತ್ತದೆ. 3000 ಲಕ್ಸ್ ಅಂದರೆ ಸುಮಾರು 40. ಬಿಳಿ ಎಲ್‌ಇಡಿಗೂ ಅಂದಾಜಿಗೆ ಇದೇ ಲೆಕ್ಕ ನಡೆಯುತ್ತದೆ.

ಕೆಂಪು-ನೀಲಿ ಲೈಟಿಗೆ ಮಾತ್ರ ಬಳಸಬೇಡಿ. ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿನ ಲೆಕ್ಕ. ನಮ್ಮ ಕಣ್ಣು ಹಸಿರಿಗೆ ಚುರುಕು, ಗಾಢ ಕೆಂಪು ಮತ್ತು ನೀಲಿಗೆ ಮಂದ. 50 ಮೈಕ್ರೋಮೋಲ್ ಬೀಳುತ್ತಿದ್ದರೂ ಮೀಟರು 400 ಲಕ್ಸ್ ಕೂಡ ತೋರಿಸುವುದಿಲ್ಲ. ಅಯ್ಯೋ ಕಡಿಮೆಯಾಯಿತು ಅಂತ ನೀವು ಇನ್ನಷ್ಟು ಹಾಕುತ್ತೀರಿ, ಸಸಿ ಸುಡುತ್ತದೆ. ಅಂಥ ಕಡೆ ಮೈಕ್ರೋಮೋಲ್ ಲೆಕ್ಕದಲ್ಲೇ ಅಳೆಯುವ ಪಾರ್ ಮೀಟರ್ ಬೇಕು. ದುಬಾರಿ. ಒಂದು ದಿನಕ್ಕೆ ಯಾರಿಂದಲಾದರೂ ಎರವಲು ತನ್ನಿ.

ಅಳೆಯುವಾಗ ಬಾಟಲಿ ಇಡುವ ಎತ್ತರದಲ್ಲೇ ಅಳೆಯಿರಿ. ಮುಚ್ಚಳ, ಗಾಜು, ಒಳಗಿನ ಮಂಜು ಇನ್ನಷ್ಟು ಬೆಳಕು ನುಂಗುತ್ತವೆ ಅನ್ನುವುದೂ ಲೆಕ್ಕದಲ್ಲಿರಲಿ.

ಒಂದೇ ದಿನ ಹಾಕಿದ ಬಾಟಲಿಗಳು. ಮಧ್ಯದವು ಚೆನ್ನಾಗಿವೆ, ಅಂಚಿನವು ಸೊರಗಿವೆ. ಯಾಕೆ?

ಟ್ಯೂಬಿನ ನಡುಭಾಗದ ಕೆಳಗೆ ಬೆಳಕು ಜಾಸ್ತಿ, ತುದಿಗಳಲ್ಲಿ ಕಡಿಮೆ. ಅಷ್ಟೇ. ವಾರಕ್ಕೊಮ್ಮೆ ಟ್ರೇಗಳ ಜಾಗ ಬದಲಿಸಿ. ರ‍್ಯಾಕಿನ ಹಿಂದಿನ ಗೋಡೆಗೆ ಬಿಳಿ ಸುಣ್ಣ ಬಳಿಯಿರಿ, ಅಥವಾ ತಟ್ಟಿಗೆ ಬಿಳಿ ಹಾಳೆ ಅಂಟಿಸಿ. ಹತ್ತು ರೂಪಾಯಿ ಖರ್ಚಿನ ಕೆಲಸ, ಫಲ ಚೆನ್ನಾಗಿದೆ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಒಂದು ವರ್ಷ ಬೇರು ಬಿಡುವ ಹಂತದ ಬಾಟಲಿಗಳಲ್ಲಿ ಸಸಿ ಸಪೂರವಾಗುತ್ತಾ ಹೋಯಿತು. ಮೀಡಿಯಾ ಬದಲಿಸಿದೆ, ಹಾರ್ಮೋನ್ ಬದಲಿಸಿದೆ, ನೀರನ್ನು ಅನುಮಾನಿಸಿದೆ. ಎರಡು ತಿಂಗಳು ಹೋಯಿತು. ಕೊನೆಗೆ ಟ್ಯೂಬ್ ಬದಲಿಸಲು ಬಂದ ಎಲೆಕ್ಟ್ರಿಷಿಯನ್ನು, ಇವೆಲ್ಲ ತುದಿ ಕಪ್ಪಾಗಿವೆಯಲ್ಲ ಸಾರ್ ಅಂದ. ಟ್ಯೂಬು ಉರಿಯುತ್ತಿದೆ ಅಂದರೆ ಸರಿಯಾಗಿದೆ ಅಂತ ನಾನು ಅಂದುಕೊಂಡಿದ್ದೆ. ಹಳತಾದ ಟ್ಯೂಬು ಕಣ್ಣಿಗೆ ಹಾಗೇ ಕಂಡರೂ ಬೆಳಕು ಇಳಿದಿರುತ್ತದೆ. ಈಗ ತಿಂಗಳಿಗೊಮ್ಮೆ ಮೀಟರ್ ಹಿಡಿದು ಪ್ರತಿ ತಟ್ಟನ್ನೂ ನೋಡಿ ಪುಸ್ತಕದಲ್ಲಿ ಬರೆಯುತ್ತೇವೆ. ಎಲ್‌ಇಡಿಯೂ ಇಳಿಯುತ್ತದೆ, ಸ್ವಲ್ಪ ನಿಧಾನ ಅಷ್ಟೇ.

16 ಗಂಟೆಯೇ ಯಾಕೆ? 24 ಗಂಟೆ ಉರಿಸಿದರೆ?

ದಿನ ಉದ್ದವಿದ್ದರೆ ಎಲೆ, ಕಾಂಡ ಬೆಳೆಸುವ ಕಡೆ ಸಸಿಯ ಗಮನ. 16 ಬೆಳಕು, 8 ಕತ್ತಲು ಅನ್ನುವುದು ಬಹಳ ಜಾತಿಗಳಿಗೆ ಒಗ್ಗಿದ ರೂಢಿ. 24 ಗಂಟೆ ಉರಿಸಿದರೆ ಕೆಲವು ಸಹಿಸುತ್ತವೆ. ಟೊಮೇಟೊ, ಬದನೆ ಥರದವು ಸಹಿಸುವುದಿಲ್ಲ, ಎಲೆ ಹಳದಿಯಾಗುತ್ತದೆ. ಸಹಿಸುವ ಗಿಡಕ್ಕೂ ಖರ್ಚಿಗೆ ತಕ್ಕ ಫಲ ಇಲ್ಲ.

ಇನ್ನೊಂದು ಉಪಾಯ. ಬಾಟಲಿಯ ಹಗಲು ಊರಿನ ಹಗಲೇ ಆಗಬೇಕೆಂದಿಲ್ಲ. ಸಂಜೆ ಆರಕ್ಕೆ ಲೈಟ್ ಹಾಕಿ, ಬೆಳಗ್ಗೆ ಹತ್ತಕ್ಕೆ ಆರಿಸಿ. ಹೊರಗೆ ತಣ್ಣಗಿರುವಾಗ ಲೈಟು ಉರಿದರೆ ಎಸಿಗೆ ಭಾರ ಕಡಿಮೆ. ರೂಮಿನೊಳಗೆ 25 ಡಿಗ್ರಿ, ಎರಡು ಡಿಗ್ರಿ ಆಚೆ ಈಚೆ ಉಳಿಸಿಕೊಳ್ಳುವುದು ಸುಲಭ.

ಕರೆಂಟ್ ಹೋದರೆ ಸಸಿ ಸಾಯುತ್ತದಾ?

ಬೆಳಕಿಲ್ಲದ್ದಕ್ಕೆ ಸಾಯುವುದಿಲ್ಲ. ನಾಲ್ಕಾರು ಗಂಟೆ, ಒಂದು ದಿನ ಕತ್ತಲಾದರೂ ಪರವಾಗಿಲ್ಲ, ಊಟ ತಳದಲ್ಲೇ ಇದೆಯಲ್ಲ. ಹೆದರಬೇಕಾದ್ದು ಬೇಸಿಗೆಯ ಸೆಕೆಗೆ. ಜನರೇಟರ್ ಸಣ್ಣದಿದ್ದರೆ ಲೈಟ್ ಆರಿಸಿ ಎಸಿ ಓಡಿಸಿ. ಬಹಳ ಜನ ಉಲ್ಟಾ ಮಾಡುತ್ತಾರೆ.

ಬೆಳಕು ಮೀಡಿಯಾವನ್ನೇ ಕೆಡಿಸುತ್ತದೆ ಅಂತಾರೆ. ನಿಜಾನಾ?

ನಿಜ, ಮತ್ತು ಇದನ್ನು ಬಹಳ ಜನ ಗಮನಿಸುವುದಿಲ್ಲ. ಬೇರು ಬರಿಸಲು ಹಾಕುವ ಐಎಎ ಅನ್ನುವ ಆಕ್ಸಿನ್ ಹಾರ್ಮೋನ್ ಬೆಳಕಿಗೆ ಒಡೆಯುತ್ತದೆ. ಮೀಡಿಯಾದಲ್ಲಿ ಕಬ್ಬಿಣವನ್ನು ಇಡಿಟಿಎ ಅನ್ನುವ ರಾಸಾಯನಿಕದ ಜೊತೆ ಕಟ್ಟಿ ಹಾಕಿರುತ್ತೇವೆ. ಆ ಜೋಡಿಯೂ ಬೆಳಕಿಗೆ, ಅದರಲ್ಲೂ ನೀಲಿ ಮತ್ತು ಅತಿನೇರಳೆ ಕಿರಣಕ್ಕೆ ಒಡೆದು ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಅದು ಬೇರಿಗೆ ವಿಷ. ಹಾಗಾಗಿ ಮಾಡಿಟ್ಟ ಮೀಡಿಯಾವನ್ನು ಲೈಟಿನ ಕೆಳಗೆ ವಾರಗಟ್ಟಲೆ ಇಡಬೇಡಿ. ಕಬ್ಬಿಣದ ಸ್ಟಾಕ್ ದ್ರಾವಣ ಕಂದು ಬಾಟಲಿಯಲ್ಲಿರಲಿ.

ಕೆಲಸ ಮಾಡುವ, ಸೋಸಿದ ಗಾಳಿ ಬೀಸುವ ಲ್ಯಾಮಿನಾರ್ ಮೇಜಿನಲ್ಲಿ ನೀಲಿ ಲೈಟು ಇದೆಯಲ್ಲ, ಅದೂ ಗಿಡಕ್ಕಾ?

ಅಲ್ಲ. ಅದು ಅತಿನೇರಳೆ ದೀಪ, ಸೂಕ್ಷ್ಮಜೀವಿ ಕೊಲ್ಲಲು. ಸಸಿಗೂ ಕೆಟ್ಟದ್ದು, ನಿಮ್ಮ ಕಣ್ಣಿಗೂ ಕೆಟ್ಟದ್ದು. ಕೂರುವ ಮೊದಲು ಆರಿಸಿ.

ಲೈಟಿನಲ್ಲಿ ಬೆಳೆಸಿದ್ದಕ್ಕೆ ಬಾಳೆ ಜಾತಿ ಕೆಡುತ್ತದಾ?

ರೈತರು ಇದನ್ನು ಬಹಳ ಅನುಮಾನದಿಂದ ಕೇಳುತ್ತಾರೆ. ತೋಟದಲ್ಲಿ ಕೆಲವು ಗಿಡ ಕುಳ್ಳಾಗಿ, ಎಲೆ ಒತ್ತೊತ್ತಾಗಿ, ಗೊನೆ ಸರಿಯಾಗಿ ಬಾರದೆ ನಿಂತಿದ್ದನ್ನು ನೋಡಿರುತ್ತಾರೆ. ಅದು ಲೈಟಿನ ತಪ್ಪಲ್ಲ. ಒಂದೇ ಕಂದಿನಿಂದ ಆಸೆಗೆ ಬಿದ್ದು ಮತ್ತೆ ಮತ್ತೆ ಕತ್ತರಿಸಿ, ಹಾರ್ಮೋನ್ ಜಾಸ್ತಿ ಕೊಟ್ಟು ಮರಿ ಒಡೆಸಿದರೆ ಇಂಥವು ಹೆಚ್ಚುತ್ತವೆ. ಲ್ಯಾಬಿನವರನ್ನು ಕೇಳಬೇಕಾದ ಪ್ರಶ್ನೆ, ಯಾವ ಲೈಟ್ ಹಾಕಿದ್ದೀರಿ ಅಂತಲ್ಲ, ಎಷ್ಟು ಸಲ ಕತ್ತರಿಸಿದ್ದೀರಿ ಅಂತ.

ಮನೆಯಲ್ಲಿ ಪ್ರಯತ್ನಿಸುತ್ತಿದ್ದೇನೆ. ಬಾಟಲಿಗಳನ್ನು ಕಿಟಕಿಯ ಬಿಸಿಲಿಗೆ ಇಡಬಹುದಾ?

ಬೇಡ. ಮುಚ್ಚಿದ ಬಾಟಲಿ ಬಿಸಿಲಿಗೆ ಇಟ್ಟರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಹಾಗೆ, ಅರ್ಧ ಗಂಟೆಯಲ್ಲಿ ಒಳಗೆ ಬೇಯುತ್ತದೆ. ಪುಸ್ತಕದ ಕಪಾಟಿನ ಒಂದು ತಟ್ಟಿಗೆ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬು, ಒಂದಡಿ ಎತ್ತರದಲ್ಲಿ. ಜೊತೆಗೊಂದು ಟೈಮರ್. ಸಾಕು.

ಲ್ಯಾಬಿನಿಂದ ತಂದ ಸಸಿ ಮೂರೇ ದಿನಕ್ಕೆ ಸುಟ್ಟುಹೋಯಿತು. ಮೋಸ ಆಯಿತಾ?

ಮೋಸ ಇರಬಹುದು, ಇರದೆಯೂ ಇರಬಹುದು. ಸಸಿಯ ಕಡೆಯಿಂದ ಯೋಚಿಸಿ. ಹುಟ್ಟಿದಾಗಿನಿಂದ 3000 ಲಕ್ಸ್ ನೋಡಿದ ಗಿಡ ಅದು. ಹೊಲದ ಬಿಸಿಲು ಒಂದು ಲಕ್ಷ ಲಕ್ಸ್. ಬಾಟಲಿಯೊಳಗೆ ಗಾಳಿ ಸದಾ ಒದ್ದೆ ಇದ್ದದ್ದರಿಂದ ಎಲೆಯ ಮೇಲೆ ಮೇಣದ ಪದರ ಸರಿಯಾಗಿ ಬಂದಿರುವುದಿಲ್ಲ. ರಂಧ್ರಗಳಿಗೆ ಮುಚ್ಚಿಕೊಳ್ಳುವುದೇ ಗೊತ್ತಿರುವುದಿಲ್ಲ. ಬಿಸಿಲಿಗೆ ಬಂದ ಕೂಡಲೇ ನೀರೆಲ್ಲ ಆರಿಹೋಗುತ್ತದೆ.

ಅದಕ್ಕೇ ಹಾರ್ಡನಿಂಗ್, ಅಂದರೆ ಸಸಿಯನ್ನು ಮೆಲ್ಲಗೆ ಹೊರಗಿನ ಹವೆಗೆ ಒಗ್ಗಿಸುವುದು, ಇರುವುದು. ಮೊದಲ ಹಂತ ಪಾಲಿಹೌಸಿನಲ್ಲಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಯಲ್ಲಿ, ಒದ್ದೆ ಗಾಳಿ, ದಟ್ಟ ನೆರಳು, ನಾಲ್ಕರಿಂದ ಆರು ವಾರ. ಎರಡನೇ ಹಂತ ಪಾಲಿಥೀನ್ ಚೀಲದಲ್ಲಿ, 50% ಶೇಡ್ ನೆಟ್ ಕೆಳಗೆ, ಮತ್ತೆ ಹೆಚ್ಚುಕಡಿಮೆ ಅಷ್ಟೇ ದಿನ. 50% ನೆಟ್ ಅಂದರೂ ಕೆಳಗೆ 50 ಸಾವಿರ ಲಕ್ಸ್ ಇರುತ್ತದೆ, ಬಾಟಲಿಯ ಹದಿನಾರು ಪಟ್ಟಿಗಿಂತ ಜಾಸ್ತಿ. ಮೊದಲ ಹಂತ ಹಾರಿಸಿ ಸೀದಾ ಇಲ್ಲಿಗೆ ತಂದರೆ ಇದೂ ಸುಡುತ್ತದೆ. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಮೊದಲ ಹಂತದ ಸಸಿ ತಂದು ಹೊಲಕ್ಕೆ ನೆಟ್ಟು ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ.

ತರುವಾಗ ಹೊಸ ಎಲೆ ಎಷ್ಟಿದೆ ನೋಡಿ. ಬಾಟಲಿಯಲ್ಲಿ ಹುಟ್ಟಿದ ಎಲೆ ಹೇಗೂ ಹೋಗುತ್ತದೆ, ಅದು ಒಣಗಿದರೆ ಗಾಬರಿ ಬೇಡ. ಹೊರಗೆ ಬಂದ ಮೇಲೆ ಬಿಚ್ಚಿದ ಎಲೆಗಳು ನಾಲ್ಕೈದು ಇದ್ದರೆ ಅವು ಬಿಸಿಲು ಕಂಡ ಎಲೆಗಳು. ಸಂಜೆ ಹೊತ್ತು ನೆಡಿ. ಬಿಸಿಲು ಜೋರಿದ್ದರೆ ಪಡುವಣ ಬದಿಗೆ ಒಂದೊಂದು ತೆಂಗಿನ ಗರಿ ಚುಚ್ಚಿ, ಹತ್ತು ಹದಿನೈದು ದಿನ ಹಾಗೇ ಬಿಡಿ. ಸುತ್ತಲಿನ ಎಲೆ ಸುಟ್ಟರೂ ಸುಳಿ ಹಸಿರಾಗಿದ್ದರೆ ಕಿತ್ತು ಹಾಕಬೇಡಿ, ಅದು ಮತ್ತೆ ಏಳುತ್ತದೆ. ಸುಳಿಯೇ ಕೊಳೆತು ಎಳೆದರೆ ಕೈಗೆ ಬಂದರೆ ಮಾತ್ರ ಆ ಗುಂಡಿಗೆ ಬೇರೆ ಸಸಿ ಹಾಕಿ.